ಬಿಸಿಲೂರಿನ ಮನೆಗೆ ಆಫ್ರಿಕಾದ ಬೂದು ಗಿಳಿ: ತರುವ ಮೊದಲು, ತಂದ ಮೇಲೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಗಿಳಿ ಎದೆಯ ಗರಿ ಕಿತ್ತುಕೊಳ್ಳುತ್ತಿದೆ, ಯಾವ ಔಷಧ ಹಚ್ಚಬೇಕು? ಸೂರ್ಯಕಾಂತಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ನಡೆಯುತ್ತದೆಯೇ? ನಿನ್ನೆವರೆಗೂ ಚೆನ್ನಾಗಿದ್ದ ಹಕ್ಕಿ ಇವತ್ತು ಪಂಜರದ ತಳಕ್ಕೆ ಬಿದ್ದಿದೆ, ಏಕೆ?

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಆ ಹಕ್ಕಿ ನಿನ್ನೆ ಚೆನ್ನಾಗಿರಲಿಲ್ಲ. ಕಾಡಿನಲ್ಲಿ ನಿಶ್ಶಕ್ತವಾಗಿ ಕಂಡ ಗಿಳಿ ಬೇಟೆಯ ಹಕ್ಕಿಗೆ ಮೊದಲ ತುತ್ತಾಗುತ್ತದೆ. ಹಾಗಾಗಿ ಮೈಯಲ್ಲಿ ತ್ರಾಣ ಇರುವವರೆಗೂ ಅದು ಕಾಯಿಲೆಯನ್ನು ಮುಚ್ಚಿಡುತ್ತದೆ. ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದಿರುತ್ತವೆ. ಆದ್ದರಿಂದ ಈ ಹಕ್ಕಿಯನ್ನು ಬರೀ ನೋಡಿ ಸಾಕಲು ಆಗುವುದಿಲ್ಲ, ತೂಗಿ, ಅಳೆದು, ಬರೆದಿಟ್ಟು ಸಾಕಬೇಕು.

1. ಮೊದಲು ಕಾಗದಪತ್ರ

ಅಂಗಡಿಗಳಲ್ಲಿ ‘ಗ್ರೇ’ ಎಂದು ಕರೆಯುವ ಈ ಗಿಳಿಗಳಲ್ಲಿ ಎರಡು ಜಾತಿ. ಕಾಂಗೋ ಗ್ರೇ ದೊಡ್ಡದು, ತೂಕ ಸುಮಾರು 400ರಿಂದ 550 ಗ್ರಾಂ, ಬಾಲ ಕಡುಕೆಂಪು, ಕೊಕ್ಕು ಕಪ್ಪು. ಟಿಮ್ನೆ ಗ್ರೇ ಚಿಕ್ಕದು, 275ರಿಂದ 375 ಗ್ರಾಂ, ಬಾಲ ಕಂದುಗೆಂಪು, ಮೇಲಿನ ಕೊಕ್ಕು ತಿಳಿ ಬಣ್ಣದ್ದು. ಎರಡೂ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡಿನವು. ಹಿಡಿದು ಮಾರುವವರ ಹಾವಳಿಯಿಂದ ಅಲ್ಲಿ ಅಳಿವಿನ ಅಂಚಿಗೆ ಬಂದಿವೆ. 2017ರಿಂದ ಇವು ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಮೊದಲ ಪಟ್ಟಿಯಲ್ಲಿವೆ. ಕಾಡಿನಿಂದ ಹಿಡಿದ ಹಕ್ಕಿಯ ವ್ಯಾಪಾರ ನಿಷಿದ್ಧ.

ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಇಂಥ ಹಕ್ಕಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. 2024ರ ನಿಯಮಗಳ ಪ್ರಕಾರ ಹೊಸದಾಗಿ ಹಕ್ಕಿ ಕೈಗೆ ಬಂದರೆ 30 ದಿನಗಳೊಳಗೆ ಅರ್ಜಿ ಹಾಕಬೇಕು. ಮರಿಯಾದರೂ, ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು.

ಮಾರುವವರಿಂದ ಕೇಳಿ ಪಡೆಯಬೇಕಾದ್ದು: ಅವರ ಹೆಸರಿನ ನೋಂದಣಿ ಪತ್ರ, ಹಕ್ಕಿಯ ಕಾಲಿಗೆ ಹಾಕಿದ ಗುರುತಿನ ಉಂಗುರದ (ಕಾಲುಂಗುರ) ಸಂಖ್ಯೆ, ಹಸ್ತಾಂತರದ ಕಾಗದ, ಡಿಎನ್‌ಎ ಪರೀಕ್ಷೆಯ ವರದಿ. ಗಂಡು ಹೆಣ್ಣು ನೋಡಿ ಹೇಳಲು ಬರುವುದಿಲ್ಲ, ಆ ವರದಿಯೇ ಗತಿ. “ಕಾಗದ ಆಮೇಲೆ ಕಳಿಸುತ್ತೇವೆ” ಎಂದರೆ ಹಣ ಕೊಡಬೇಡಿ, ಆ ಕಾಗದ ಬರುವುದಿಲ್ಲ. ಇನ್ನೊಂದು ಮಾತು. ನಮ್ಮ ಹೊಲದ ಹಸಿರು ಗಿಳಿಯನ್ನು ಹಿಡಿದು ಸಾಕುವುದು ಅಪರಾಧ. ಅದಕ್ಕೆ ನೋಂದಣಿಯ ದಾರಿಯೂ ಇಲ್ಲ.

2. ತಾನೇ ತಿನ್ನಲು ಕಲಿತ ಮರಿಯನ್ನೇ ತನ್ನಿ

“ಕೈತುತ್ತು ಕೊಟ್ಟು ಬೆಳೆಸಿದರೆ ಮಾತ್ರ ಹೊಂದಿಕೊಳ್ಳುತ್ತದೆ” ಎಂದು ಹೇಳಿ ಗರಿ ಬಲಿಯದ ಮರಿಯನ್ನು ಸಿರಿಂಜಿನ ಜೊತೆ ಕೈಗಿಡುವವರಿದ್ದಾರೆ. ನಂಬಬೇಡಿ. ಮರಿಗೆ ಕೊಡುವ ಗಂಜಿ 39ರಿಂದ 41 ಡಿಗ್ರಿಯ ನಡುವೆ ಇರಬೇಕು. 43 ಡಿಗ್ರಿ ದಾಟಿದರೆ ಅನ್ನಚೀಲ, ಅಂದರೆ ಕುತ್ತಿಗೆಯ ಬುಡದಲ್ಲಿ ಆಹಾರ ತುಂಬಿಕೊಳ್ಳುವ ಚೀಲ, ಒಳಗಿನಿಂದ ಸುಟ್ಟು ತೂತು ಬೀಳುತ್ತದೆ. ತಣ್ಣಗಾದರೆ ಅಲ್ಲೇ ಹುಳಿತು ನಿಲ್ಲುತ್ತದೆ. ಸಿರಿಂಜು ತುಸು ಓರೆಯಾದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಸಬರ ಕೈಯಲ್ಲಿ ಸಾಯುವ ಮರಿಗಳೆಲ್ಲ ಹೆಚ್ಚುಕಡಿಮೆ ಹೀಗೇ ಸಾಯುತ್ತವೆ.

ಗ್ರೇ ಮರಿ ತಾನೇ ತಿನ್ನಲು ಕಲಿಯುವುದು 12ರಿಂದ 16 ವಾರಕ್ಕೆ. ಅದು ಒಡೆದು ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ತನ್ನಿ. ಮರಿಯ ಕಣ್ಣು ಕಪ್ಪಾಗಿ ಇರುತ್ತದೆ, ನಂತರ ಬೂದು ಬಣ್ಣಕ್ಕೆ ಬಂದು, ವರ್ಷ ಎರಡು ವರ್ಷಕ್ಕೆ ಹಳದಿಗೆ ತಿರುಗುತ್ತದೆ. ಹಳದಿ ಕಣ್ಣಿನ ಹಕ್ಕಿಯನ್ನು “ಆರು ತಿಂಗಳಿನದು” ಎಂದರೆ ಅದು ಸುಳ್ಳು.

ಮನೆಯಲ್ಲಿ ಬೇರೆ ಹಕ್ಕಿ ಇದ್ದರೆ ಹೊಸದನ್ನು 30ರಿಂದ 45 ದಿನ ಬೇರೆ ಕೋಣೆಯಲ್ಲಿಡಿ. ಮೊದಲ ವಾರದಲ್ಲೇ ಸಿಟಕೋಸಿಸ್ ಪರೀಕ್ಷೆ ಮಾಡಿಸಿ. ಇದು ಗಿಳಿಯಿಂದ ಮನುಷ್ಯರಿಗೂ ಹರಡುವ ಶ್ವಾಸಕೋಶದ ಸೋಂಕು.

3. ಪಂಜರ

ಕನಿಷ್ಠ 90 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 120 ಸೆಂ.ಮೀ. ಎತ್ತರ. ಎತ್ತರಕ್ಕಿಂತ ಅಗಲ ಮುಖ್ಯ, ರೆಕ್ಕೆ ಪೂರ್ತಿ ಬಿಚ್ಚಲು ಜಾಗ ಬೇಕು. ಸರಳುಗಳ ನಡುವೆ 2ರಿಂದ 2.5 ಸೆಂ.ಮೀ. ಅಂತರ. ದುಂಡು ಪಂಜರ ಬೇಡ.

ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು ಎಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಜಾಳಿಗೆಯಿಂದ ಪಂಜರ ಮಾಡಿಸುವುದು. ಜಿಐ ಎಂದರೆ ಸತುವಿನ ಲೇಪ. ಗಿಳಿ ದಿನವಿಡೀ ಕೊಕ್ಕಿನಿಂದ ಸರಳು ಹಿಡಿದು ಹತ್ತಿ ಇಳಿಯುತ್ತದೆ, ಆ ಸತು ಚೂರುಚೂರಾಗಿ ಹೊಟ್ಟೆ ಸೇರಿ ವಿಷವಾಗುತ್ತದೆ. ಸೀಸದ ಬೆಸುಗೆಯೂ ಹಾಗೆಯೇ. ಮಾಡಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲ್ ಸರಳಿನಲ್ಲೇ ಮಾಡಿಸಿ. ಬಾಗಿಲಿಗೆ ತಿರುಪಿನ ಕೀಲು ಹಾಕಿಸಿ, ಬರೀ ಕೊಂಡಿಯನ್ನು ಇದು ಎರಡು ದಿನದಲ್ಲಿ ಬಿಚ್ಚಲು ಕಲಿಯುತ್ತದೆ.

ಕೂರುವ ಕೋಲು ಪೇರಲ ಅಥವಾ ಬೇವಿನ ಕೊಂಬೆಯಾಗಲಿ. ದಪ್ಪ 2ರಿಂದ 3.5 ಸೆಂ.ಮೀ., ಒಂದೊಂದು ಒಂದೊಂದು ಅಳತೆಯದು. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ವರ್ಷಗಟ್ಟಲೆ ಕೂತರೆ ಅಂಗಾಲು ಹುಣ್ಣಾಗುತ್ತದೆ. ಔಷಧ ಹೊಡೆದ ತೋಟದ ಕೊಂಬೆ ಬೇಡ.

ಜಾಗ: ಪಡಸಾಲೆ, ಮನೆಯವರು ಕೂರುವ ಕಡೆ, ಒಂದು ಮಗ್ಗುಲು ಗೋಡೆಗೆ. ಅಡುಗೆಮನೆ ಬೇಡವೇ ಬೇಡ. ತಳಕ್ಕೆ ಹಳೆಯ ಪತ್ರಿಕೆ ಹಾಸಿ ದಿನಾ ಬದಲಿಸಿ. ಕಟ್ಟಿಗೆಯ ಹೊಟ್ಟು ಹಾಕಿದರೆ ಬೂಷ್ಟು ಬರುತ್ತದೆ, ಹಿಕ್ಕೆಯೂ ಕಾಣುವುದಿಲ್ಲ. ಹಿಕ್ಕೆ ಕಾಣಲೇಬೇಕು, ಏಕೆಂದು ಏಳನೆಯ ಹಂತದಲ್ಲಿ ನೋಡಿ.

4. ಮೊದಲ ಎರಡು ವಾರ

ಮುಟ್ಟಬೇಡಿ. ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಪಂಜರದ ಬಳಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ, ಮೆತ್ತಗೆ ಮಾತಾಡಿ. ಹಕ್ಕಿ ನಿಮ್ಮ ಎದುರು ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ಸರಳಿನ ಸಂದಿಯಿಂದ ಒಂದು ದಾಳಿಂಬೆ ಕಾಳು ಕೊಡಿ. ಅದನ್ನು ತೆಗೆದುಕೊಳ್ಳಲು ಮುಂದೆ ಬಂದರೆ ಮುಂದಿನ ಪಾಠ ಕೈಮೇಲೆ ಹತ್ತುವುದು. ಬಾಗಿಲು ತೆರೆದು, ಕೈಯನ್ನು ಹೊಟ್ಟೆಯ ಕೆಳಭಾಗಕ್ಕೆ, ಕಾಲಿನ ತುಸು ಮೇಲೆ ತನ್ನಿ. “ಹತ್ತು” ಎನ್ನಿ. ಒಂದು ಕಾಲಿಟ್ಟರೂ ಸಾಕು, ಕಾಳು ಕೊಟ್ಟು ನಿಲ್ಲಿಸಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ.

ಕಚ್ಚುವ ಮೊದಲು ಅದು ಹೇಳಿಯೇ ಕಚ್ಚುತ್ತದೆ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗುತ್ತದೆ, ಕತ್ತಿನ ಗರಿ ಏಳುತ್ತದೆ, ಮೈ ಹಿಂದೆ ಸರಿಯುತ್ತದೆ. ಆಗ ಕೈ ತೆಗೆಯಿರಿ. ಕಚ್ಚಿದರೆ ಕೂಗಬೇಡಿ, ಹೊಡೆಯಬೇಡಿ, ಕೊಕ್ಕಿಗೆ ತಟ್ಟಬೇಡಿ. ಒಂದು ಏಟಿಗೆ ತಿಂಗಳುಗಟ್ಟಲೆ ಗಳಿಸಿದ ನಂಬಿಕೆ ಹೋಗುತ್ತದೆ.

5. ಊಟ

ನಮ್ಮ ಸೀಮೆಯ ಗಿಳಿಗಳು ಹಾಳಾಗುವುದು ಇಲ್ಲೇ. ಸೂರ್ಯಕಾಂತಿ, ಕುಸುಬಿ, ಶೇಂಗಾ ಮೂರೂ ನಮ್ಮಲ್ಲಿ ಬೆಳೆಯುತ್ತವೆ, ಸಂತೆಯಲ್ಲಿ ಸಿಗುತ್ತವೆ, ಗಿಳಿಯೂ ಆಸೆಯಿಂದ ತಿನ್ನುತ್ತದೆ. ಮೂರರಲ್ಲೂ ಎಣ್ಣೆ ವಿಪರೀತ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಗಿಳಿಗಳಿಗಿಂತ ಗ್ರೇಗೆ ಕ್ಯಾಲ್ಸಿಯಂ ಕೊರತೆ ಬೇಗ ತಾಗುತ್ತದೆ. ರಕ್ತದಲ್ಲಿ ಅದು ಇಳಿದರೆ ಕಾಲು ನಡುಗಿ, ಕೋಲಿನಿಂದ ಬಿದ್ದು, ಮೂರ್ಛೆ ಹೋಗುತ್ತದೆ. ಎ ಜೀವಸತ್ವ ಇಲ್ಲದಿದ್ದರೆ ಬಾಯಿ, ಮೂಗಿನ ಒಳಪೊರೆ ಕೆಟ್ಟು ಒಂದರ ಹಿಂದೊಂದು ಸೋಂಕು ಬರುತ್ತದೆ.

ಹಾಗಾದರೆ ಏನು ಕೊಡಬೇಕು? ದಿನದ ಊಟದಲ್ಲಿ ನೂರಕ್ಕೆ 60ರಿಂದ 70 ಪಾಲು ಪೆಲೆಟ್, ಅಂದರೆ ಗಿಳಿಗೆಂದೇ ಎಲ್ಲ ಪೋಷಕಾಂಶ ಬೆರೆಸಿ ಮಾಡಿದ ಉಂಡೆಕಾಳು. ಒಂದು ಹಕ್ಕಿಗೆ 30ರಿಂದ 40 ಗ್ರಾಂ. ಕಾಲು ಭಾಗ ತರಕಾರಿ, ಸೊಪ್ಪು, ಮೊಳಕೆ. ಉಳಿದದ್ದರಲ್ಲಿ ಹಣ್ಣು, ಬೀಜ. ಪೆಲೆಟ್ ಬೆಳಗಾವಿಯಂಥ ಊರಿನಲ್ಲಿ ಸಿಕ್ಕರೂ ಕಟ್ಟಿದ ದಿನಾಂಕ ನೋಡಿ ತನ್ನಿ, ಬಿಡಿಯಾಗಿ ತೂಗಿ ಕೊಡುವುದನ್ನು ತರಬೇಡಿ.

ತರಕಾರಿ ಮಿಶ್ರಣ ವಾರಕ್ಕೊಮ್ಮೆ ಹೀಗೆ ಮಾಡಿಡಿ: ಎರಡು ಗಜ್ಜರಿ, ಅಂಗೈಯಗಲದ ಕೆಂಪು ಕುಂಬಳದ ಹೋಳು, ಒಂದು ಡಬ್ಬು ಮೆಣಸಿನಕಾಯಿ, ಒಂದು ಹಿಡಿ ನುಗ್ಗೆ ಸೊಪ್ಪು, ಒಂದು ಹಿಡಿ ಮೆಂತ್ಯ ಸೊಪ್ಪು. ಎಲ್ಲವನ್ನೂ ಕಡಲೆ ಗಾತ್ರಕ್ಕೆ ಹೆಚ್ಚಿ. ಅರ್ಧ ಬಟ್ಟಲು ಬೇಯಿಸಿದ ಜೋಳ, ಅರ್ಧ ಬಟ್ಟಲು ಬೇಯಿಸಿ ಆರಿಸಿದ ಹೆಸರುಕಾಳು ಕಲಸಿ. ಉಪ್ಪು ಎಣ್ಣೆ ಏನೂ ಬೇಡ. ಎರಡೆರಡು ಚಮಚದಂತೆ ಚಿಕ್ಕ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡಿ. ಒಂದೊಂದು ಡಬ್ಬಿ ಬೆಳಿಗ್ಗೆ ತೆಗೆದು, ತಣ್ಣಗಿರುವುದು ಹೋದ ಮೇಲೆ ಕೊಡಿ. ಬೇಸಿಗೆಯಲ್ಲಿ ಎರಡು ಗಂಟೆಯೊಳಗೆ ಬಟ್ಟಲು ತೆಗೆದು ತೊಳೆಯಿರಿ. ಮೊಳಕೆಕಾಳು ಹುಳಿ ವಾಸನೆ ಬಂದರೆ ಚೆಲ್ಲಿ.

ಪಾಲಕ್, ರಾಜಗಿರಿ ಸೊಪ್ಪು ಅಪರೂಪಕ್ಕೆ ಸಾಕು, ಅವು ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತವೆ. ಒಣ ಬ್ಯಾಡಗಿ ಮೆಣಸಿನಕಾಯಿ ಧಾರಾಳವಾಗಿ ಕೊಡಬಹುದು. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಆ ಕೆಂಪಿನಲ್ಲಿ ಎ ಜೀವಸತ್ವಕ್ಕೆ ಬೇಕಾದ ಅಂಶ ತುಂಬಿದೆ. ಸುಗ್ಗಿಯ ಮುಂಚೆ ಹಾಲುಗಾಳಿನ ಜೋಳದ ತೆನೆ ಸಿಕ್ಕರೆ ಇಡೀ ತೆನೆಯನ್ನೇ ಪಂಜರಕ್ಕೆ ಕಟ್ಟಿ, ಅರ್ಧ ದಿನ ಅದರಲ್ಲೇ ಮುಳುಗಿರುತ್ತದೆ. ದ್ರಾಕ್ಷಿ, ದಾಳಿಂಬೆ ನಮ್ಮ ತೋಟದವೇ ಆದರೂ ಔಷಧ ಹೊಡೆದವು. ನೀರಿನಲ್ಲಿ ನೆನೆಹಾಕಿ, ಉಜ್ಜಿ ತೊಳೆದು ಕೊಡಿ. ಬೇಯಿಸಿದ ಮೊಟ್ಟೆಯ ಅಡಿಕೆ ಗಾತ್ರದ ತುಂಡನ್ನು ವಾರಕ್ಕೊಮ್ಮೆ, ಸಿಪ್ಪೆಯನ್ನು ಪುಡಿಮಾಡಿ ಅದರ ಜೊತೆಗೇ ಕೊಡಿ.

ಶೇಂಗಾ ಹುರಿದದ್ದು, ಉಪ್ಪಿಲ್ಲದ್ದು, ಸಿಪ್ಪೆ ಬಿಡಿಸಿದ್ದು, ದಿನಕ್ಕೆ ಎರಡು. ಹಸಿ ಶೇಂಗಾವನ್ನು ಸಿಪ್ಪೆ ಸಮೇತ ಕೊಡಬೇಡಿ, ಒಳಗಿನ ಬೂಷ್ಟು ಹೊರಗೆ ಕಾಣುವುದಿಲ್ಲ. ಅದರಿಂದ ಬರುವ ಆಸ್ಪರ್ಜಿಲೋಸಿಸ್, ಅಂದರೆ ಶ್ವಾಸಕೋಶದ ಬೂಷ್ಟು ರೋಗ, ಗ್ರೇಗಳಲ್ಲಿ ಸಾಮಾನ್ಯ ಮತ್ತು ವಾಸಿಯಾಗಲು ಬಲು ಕಷ್ಟ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಸೇಬಿನ ಬೀಜ ಇವನ್ನು ಎಂದೂ ಕೊಡಬೇಡಿ. ಬೆಣ್ಣೆಹಣ್ಣಿನ ಚಿಕ್ಕ ಹೋಳೂ ಕೊಲ್ಲಬಲ್ಲದು.

ಬೀಜಕ್ಕೇ ಅಂಟಿಕೊಂಡ ಹಕ್ಕಿಯನ್ನು ಬಿಡಿಸಲು ಒಂದರಿಂದ ಎರಡು ತಿಂಗಳು ಬೇಕು. ಬೆಳಿಗ್ಗೆ ಹಸಿದಾಗ ತರಕಾರಿ ಮಿಶ್ರಣದ ಮೇಲೆ ಪೆಲೆಟ್ ಪುಡಿ ಉದುರಿಸಿ ಇಡಿ. ಬೀಜ ಸಂಜೆ ಮಾತ್ರ, ವಾರವಾರವೂ ಒಂದೊಂದು ಚಮಚ ಇಳಿಸುತ್ತ ಹೋಗಿ. “ಹಸಿವಾದರೆ ತಾನೇ ತಿನ್ನುತ್ತದೆ” ಎಂದು ಬೀಜ ಒಮ್ಮೆಲೇ ನಿಲ್ಲಿಸಬೇಡಿ. ಗೊತ್ತಿಲ್ಲದ ತಿನಿಸಿನ ಮುಂದೆ ಕೂತು ಉಪವಾಸ ಸಾಯುವ ಹಕ್ಕಿಗಳಿವೆ.

ನೀರು ದಿನಕ್ಕೆ ಎರಡು ಸಲ ಬದಲಿಸಿ. ವಿಟಮಿನ್ ಹನಿ ನೀರಿಗೆ ಹಾಕಬೇಡಿ, ಕ್ರಿಮಿ ಬೆಳೆಯುತ್ತವೆ.

6. ಬಿಸಿಲು, ಸ್ನಾನ, ಗಾಳಿ

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ, ಗಾಜಿನೊಳಗಿನ ಬಿಸಿಲು ಲೆಕ್ಕಕ್ಕಿಲ್ಲ. ವಾರಕ್ಕೆ ಮೂರು ನಾಲ್ಕು ದಿನ, ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಚಳಿಗಾಲದಲ್ಲಿ ಒಂಬತ್ತರ ಆಸುಪಾಸು, 20ರಿಂದ 30 ನಿಮಿಷ. ಪಂಜರದ ಅರ್ಧ ಭಾಗ ನೆರಳಿನಲ್ಲಿರಲಿ. ಒಬ್ಬರು ಪಕ್ಕದಲ್ಲೇ ಇರಲಿ, ಬೆಕ್ಕು, ಮಂಗ, ಹದ್ದು ಎಲ್ಲವೂ ಬರುತ್ತವೆ. ಕ್ಯಾಲ್ಸಿಯಂ, ಡಿ ಔಷಧಗಳನ್ನು ವೈದ್ಯರ ಅಳತೆಯಲ್ಲೇ ಕೊಡಿ. ಡಿ ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಗಿಳಿ ಬೆವರುವುದಿಲ್ಲ. ಬಾಯಿ ತೆರೆದು ಏದುತ್ತ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಗರಿಯನ್ನು ಮೈಗೆ ಒತ್ತಿಕೊಂಡು ನಿಂತರೆ ತಾಪ ತಾಳುತ್ತಿಲ್ಲ ಎಂದು ಅರ್ಥ. ತಂಪು ಕೋಣೆಗೆ ಒಯ್ದು, ಕಾಲಿಗೆ ಮತ್ತು ರೆಕ್ಕೆಯಡಿಗೆ ಮಾಮೂಲಿ ನೀರು ಸಿಂಪಡಿಸಿ. ಐಸ್ ನೀರು ಬೇಡ. ಕೂಲರ್ ಹಾಕುವವರು ಎಚ್ಚರ: ಹೋದ ವರ್ಷದ ಹುಲ್ಲಿನ ಪ್ಯಾಡಿನಲ್ಲಿ ಬೂಷ್ಟು ಕೂತಿರುತ್ತದೆ, ಫ್ಯಾನ್ ತಿರುಗಿದ ಕೂಡಲೇ ಅದು ಹಕ್ಕಿಯ ಶ್ವಾಸಕ್ಕೆ ಬರುತ್ತದೆ. ಸೀಸನ್ ಶುರುವಿಗೆ ಪ್ಯಾಡ್ ಬದಲಿಸಿ, ವಾರಕ್ಕೊಮ್ಮೆ ಟ್ಯಾಂಕು ತೊಳೆಯಿರಿ, ಗಾಳಿ ನೇರ ಪಂಜರಕ್ಕೆ ಬೀಸದಿರಲಿ. ಬೆಳಗಾವಿಯವರಿಗೆ ಇದೇ ಬೂಷ್ಟಿನ ಕಾಟ ಮಳೆಗಾಲದ ಥಂಡಿ ಗೋಡೆಯಿಂದ.

ವಾರಕ್ಕೆ ಎರಡು ಮೂರು ಸಲ ತುಂತುರು ಸ್ನಾನ ಮಾಡಿಸಿ. ಗ್ರೇ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ, ಅದು ಗರಿಯನ್ನು ಕಾಪಾಡುವ ಪುಡಿ. ಮನೆಯಲ್ಲಿ ದಮ್ಮಿನ ತೊಂದರೆ ಇರುವವರಿದ್ದರೆ ಈ ಹಕ್ಕಿ ತರಬೇಡಿ.

ನಾನ್‌ಸ್ಟಿಕ್ ತವೆ ಅತಿಯಾಗಿ ಕಾದರೆ ಹೊರಬರುವ ಅನಿಲ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಬೇರೆ ಕೋಣೆಯಲ್ಲಿದ್ದರೂ ತಲುಪುತ್ತದೆ. ತವೆಯನ್ನೇ ಮನೆಯಿಂದ ತೆಗೆಯಿರಿ, ಕಬ್ಬಿಣದ ಹಂಚು ಇದ್ದೇ ಇದೆಯಲ್ಲ. ಲೋಬಾನದ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ, ನುಸಿಗುಳಿಗೆ, ಒಗ್ಗರಣೆಯ ಘಾಟು ಯಾವುದೂ ಹಕ್ಕಿಯ ಕೋಣೆಗೆ ಬರಬಾರದು. ಸೊಳ್ಳೆಗೆ ಪಂಜರದ ಮೇಲೆ ಪರದೆ ಹಾಕಿ.

7. ತಕ್ಕಡಿ ಮತ್ತು ಹಿಕ್ಕೆ

ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆ ತಕ್ಕಡಿ ತನ್ನಿ. ಅದರ ಮೇಲೆ ಚಿಕ್ಕ ಕೋಲು ಕೂರಿಸಿ, ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಮೊದಲ ತಿಂಗಳು ದಿನಾ, ಆಮೇಲೆ ವಾರಕ್ಕೆ ಎರಡು ಸಲ. 460 ಗ್ರಾಂ ಇರುವ ಹಕ್ಕಿ 437ಕ್ಕೆ ಬಂದರೆ ನೂರಕ್ಕೆ ಐದರಷ್ಟು ಇಳಿದಂತೆ. ದಿನಾ ತೂಗಲು ಶುರುಮಾಡಿ, ಕಾರಣ ಹುಡುಕಿ. 414ಕ್ಕೆ ಬಂದರೆ ಅಂದೇ ವೈದ್ಯರ ಬಳಿ ಹೊರಡಿ. ಗರಿಯ ಹೊದಿಕೆಯಲ್ಲಿ ಈ 46 ಗ್ರಾಂ ಕಣ್ಣಿಗೆ ಕಾಣುವುದೇ ಇಲ್ಲ.

ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ನಡುವೆ ಹಸಿರು ಅಥವಾ ಕಂದು ಮಲದ ಸುರುಳಿ, ಮೇಲೆ ಸುಣ್ಣದಂಥ ಬಿಳಿ, ಸುತ್ತ ತಿಳಿ ನೀರು. ದಾಳಿಂಬೆ ತಿಂದ ದಿನ ಕೆಂಪಾಗುತ್ತದೆ, ಪೆಲೆಟ್ ಬಣ್ಣದ್ದಾದರೆ ಆ ಬಣ್ಣ ಬರುತ್ತದೆ, ಹಣ್ಣು ಹೆಚ್ಚಾದರೆ ನೀರಾಗುತ್ತದೆ. ಇವಕ್ಕೆ ಹೆದರಬೇಡಿ, ಮರುದಿನ ಸರಿಹೋಗುತ್ತದೆ. ಬಿಳಿಯ ಭಾಗವೇ ಹಳದಿ ಅಥವಾ ಎಳೆಹಸಿರಾದರೆ ಯಕೃತ್ತಿಗೆ ತೊಂದರೆ ಇರಬಹುದು, ಸಿಟಕೋಸಿಸ್ ಇರಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸುರಿಯುತ್ತಿದೆ. ಕಾಳು ಇಡಿಯಾಗಿಯೇ ಹೊರಬಂದರೆ ಜೀರ್ಣವಾಗುತ್ತಿಲ್ಲ. ಈ ಮೂರಕ್ಕೂ ಕಾಯುವಂತಿಲ್ಲ.

8. ತಲೆಗೆ ಕೆಲಸ

ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಿಂದ 30 ವರ್ಷ ಅಲೆಕ್ಸ್ ಎಂಬ ಗ್ರೇ ಜೊತೆ ಕೆಲಸ ಮಾಡಿದರು. 2007ರಲ್ಲಿ ಸಾಯುವ ಹೊತ್ತಿಗೆ ಅದಕ್ಕೆ ನೂರಕ್ಕೂ ಹೆಚ್ಚು ಪದ ಬರುತ್ತಿದ್ದವು, ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಅವರು ಪಾಠ ಹೇಳಿದ ರೀತಿಯನ್ನು ಮನೆಯಲ್ಲೂ ಮಾಡಬಹುದು, ಇಬ್ಬರು ಬೇಕು ಅಷ್ಟೇ. ಹಕ್ಕಿಯ ಎದುರು ಕೂತು ಅಪ್ಪ ಪೇರಲ ಹೋಳು ಹಿಡಿದು ಮಗಳನ್ನು ಕೇಳಲಿ: “ಇದೇನವಾ?” ಮಗಳು “ಪೇರಲ” ಎನ್ನಲಿ. “ಹೌದು, ಪೇರಲ. ತಗೋ” ಎಂದು ಹೋಳನ್ನು ಅವಳಿಗೇ ಕೊಡಲಿ. ಬಳಿಕ ಇಬ್ಬರೂ ಪಾತ್ರ ಬದಲಿಸಲಿ. ನೋಡುತ್ತ ಕೂತ ಹಕ್ಕಿಗೆ ಆ ಸದ್ದು ಮಾಡಿದರೆ ಆ ವಸ್ತು ಸಿಗುತ್ತದೆ ಎಂದು ತಿಳಿಯುತ್ತದೆ. ಅದು “ಪೇ” ಎಂದರೂ ಪೇರಲವನ್ನೇ ಕೊಡಿ, ಬೇರೆ ತಿನಿಸು ಕೊಡಬೇಡಿ. ಮಾತು ಸಾಮಾನ್ಯವಾಗಿ ವರ್ಷದ ಹೊತ್ತಿಗೆ ಶುರು. ಕೆಲವು ಮಾತಾಡುವುದೇ ಇಲ್ಲ, ಸಿಳ್ಳೆಗೇ ನಿಲ್ಲುತ್ತವೆ. ಮಾತಿಗಾಗಿಯೇ ತರುವುದಾದರೆ ತರಬೇಡಿ.

ಊಟವನ್ನು ಬಟ್ಟಲಲ್ಲಿ ಸುಮ್ಮನೆ ಇಡುವ ಬದಲು ಅರ್ಧದಷ್ಟನ್ನು ಕಾಗದದಲ್ಲಿ ಸುತ್ತಿ, ಗೊಂಜಾಳದ ಸಿಪ್ಪೆಯಲ್ಲಿ ಕಟ್ಟಿ, ಹುಡುಕಿ ತಿನ್ನುವಂತೆ ಮಾಡಿ. ದಿನಕ್ಕೆ ಮೂರು ಗಂಟೆಯಾದರೂ ಪಂಜರದ ಹೊರಗೆ, ಜನರ ನಡುವೆ ಇರಲಿ. ಹೊರಬಿಡುವ ಮೊದಲು ಫ್ಯಾನ್ ಆರಿಸಿ, ಕಿಟಕಿಗೆ ಜಾಳಿಗೆ ಹಾಕಿ, ಕನ್ನಡಿ ಮುಚ್ಚಿ. ರೆಕ್ಕೆ ಕತ್ತರಿಸಬೇಡಿ. ಗ್ರೇ ಮೈ ಭಾರ, ರೆಕ್ಕೆ ಇಲ್ಲದೆ ಹಾರಲು ಹೋಗಿ ಕಲ್ಲಿನಂತೆ ಬಿದ್ದು ಎದೆಯ ಮೂಳೆ ಸೀಳಿಕೊಳ್ಳುತ್ತದೆ.

ರಾತ್ರಿ 10ರಿಂದ 12 ಗಂಟೆ ಕತ್ತಲು, ಸದ್ದಿಲ್ಲದ ನಿದ್ದೆ ಬೇಕು. ಗಣೇಶ ಹಬ್ಬದ ಡಿಜೆ, ದೀಪಾವಳಿಯ ಪಟಾಕಿಗೆ ಬೆದರಿ ಕತ್ತಲಲ್ಲಿ ಪಂಜರಕ್ಕೆ ಬಡಿದುಕೊಳ್ಳುತ್ತವೆ. ಆ ದಿನಗಳಲ್ಲಿ ಒಳಕೋಣೆಗೆ ಒಯ್ದು ಸಣ್ಣ ದೀಪ ಹಚ್ಚಿಡಿ.

ಗರಿ ಕೀಳುವ ಹಕ್ಕಿಗೆ ಹಚ್ಚುವ ಔಷಧ ಯಾವುದೂ ಇಲ್ಲ. ಮೊದಲು ವೈದ್ಯರಲ್ಲಿ ಸೋಂಕು, ಯಕೃತ್ತು, ಸತುವಿನ ವಿಷ ಇವು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ಊಟ, ಸ್ನಾನ, ನಿದ್ದೆ, ಒಂಟಿತನ ಈ ನಾಲ್ಕನ್ನು ಸರಿಮಾಡಿ. ಎಣ್ಣೆ ಹಚ್ಚಿದರೆ ಗರಿ ಅಂಟಿ ಇನ್ನಷ್ಟು ಕೀಳುತ್ತದೆ.

9. ವೈದ್ಯರು

ಹಕ್ಕಿಗಳನ್ನು ಬಲ್ಲ ಪಶುವೈದ್ಯರು ನಮ್ಮ ಜಿಲ್ಲೆಗಳಲ್ಲಿ ವಿರಳ. ಗಿಳಿ ತರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಗಿಳಿಗೆ ಚಿಕಿತ್ಸೆ ಕೊಡುತ್ತೀರಾ ಎಂದು ಕೇಳಿ. ದೊಡ್ಡ ಪರೀಕ್ಷೆಗಳಿಗೆ ಬೀದರ್ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ಬೇಸಿಗೆಯಲ್ಲಿ ನಸುಕಿನಲ್ಲೇ ಊರು ಬಿಡಿ.

ಗರಿ ಉಬ್ಬಿಸಿ ತಳದಲ್ಲಿ ಕೂತರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿದರೆ ಅದು ತುರ್ತು. 30 ಡಿಗ್ರಿ ಬೆಚ್ಚಗಿರುವ, ಮಬ್ಬು ಬೆಳಕಿನ ಪೆಟ್ಟಿಗೆಯಲ್ಲಿಟ್ಟು ಕರೆದೊಯ್ಯಿರಿ. ಮೂರ್ಛೆ ಬಂದಾಗ ಬಾಯಿಗೆ ನೀರು ಹಾಕಬೇಡಿ, ಉಸಿರಿಗೆ ಹೋಗುತ್ತದೆ. ಬೆಳೆಯುತ್ತಿರುವ ಗರಿ ಮುರಿದು ರಕ್ತ ಸುರಿದರೆ ಕಾರ್ನ್‌ಫ್ಲೋರ್ ಒತ್ತಿ ಐದು ನಿಮಿಷ ಹಿಡಿಯಿರಿ, ನಿಲ್ಲದಿದ್ದರೆ ಹೊರಡಿ. ಮನುಷ್ಯರ ಮಾತ್ರೆ ಪುಡಿಮಾಡಿ ಕೊಡಬೇಡಿ. ಒಯ್ಯುವ ಪೆಟ್ಟಿಗೆಯನ್ನು ಹಕ್ಕಿ ಚೆನ್ನಾಗಿರುವಾಗಲೇ ಬಾಗಿಲು ತೆರೆದು ಪಂಜರದ ಪಕ್ಕ ಇಟ್ಟು, ಒಳಗೆ ಎರಡು ಶೇಂಗಾ ಹಾಕಿ ರೂಢಿ ಮಾಡಿಸಿ. ಕಾಯಿಲೆ ಬಿದ್ದ ದಿನ ಹಕ್ಕಿಯನ್ನು ಹಿಡಿಯಲು ಅಟ್ಟಾಡಿಸುವುದೇ ಪ್ರಾಣಕ್ಕೆ ಬರಬಾರದು.

10. ನಿಮ್ಮ ನಂತರ

ಚೆನ್ನಾಗಿ ಸಾಕಿದ ಗ್ರೇ 40ರಿಂದ 60 ವರ್ಷ ಬದುಕುತ್ತದೆ. ನಿಮಗೀಗ 35 ಆಗಿದ್ದರೆ ಲೆಕ್ಕ ಹಾಕಿ ನೋಡಿ. ಮುಂದೆ ನೋಡಿಕೊಳ್ಳುವವರು ಯಾರೆಂದು ಈಗಲೇ ಅವರೊಡನೆ ಮಾತಾಡಿ, ಅವರ ಕೈಯಿಂದ ವಾರಕ್ಕೊಮ್ಮೆಯಾದರೂ ಊಟ ಕೊಡಿಸಿ. ನೋಂದಣಿ ಪತ್ರ, ಕಾಲುಂಗುರದ ಸಂಖ್ಯೆ, ತೂಕದ ವಹಿ, ವೈದ್ಯರ ಚೀಟಿ ಎಲ್ಲವೂ ಒಂದೇ ಡಬ್ಬಿಯಲ್ಲಿರಲಿ. ಹಕ್ಕಿ ಅವರ ಮನೆಗೆ ಹೋದ ದಿನದಿಂದ 30 ದಿನಗಳೊಳಗೆ ಅವರ ಹೆಸರಿಗೂ ಅರ್ಜಿ ಹಾಕಬೇಕಾಗುತ್ತದೆ.